ತಾಳ ತಪ್ಪಿದರೆ ತೋರಿಸುವ ತೆರೆ

ರೇಡಿಯೋದಲ್ಲಿ ರಾತ್ರಿಯ ಕಛೇರಿಯನ್ನು ಕೇಳುತ್ತ ಕುಳಿತಾಗ ತಾವು ತೊಡೆಯ ಮೇಲೆ ತಾಳ ಹಾಕುವುದಿಲ್ಲವೆ? ಹಾಕುತ್ತೀರಿ, ಹಾಕದವರು ನಮ್ಮಲ್ಲಿ ವಿರಳ. ವಿದ್ವಾಂಸರು ಪಲ್ಲವಿಯನ್ನು ಎತ್ತಿಕೊಂಡೊಡನೆ ನಮ್ಮ ಕೈ ತಾನಾಗಿಯೇ ಎದ್ದು ಬೀಳುತ್ತದೆ, ಬೆರಳು ತಾನಾಗಿಯೇ ಎಣಿಸುತ್ತದೆ. ಆ ಪೆಟ್ಟು ಸರಿಯಾದ ಜಾಗದಲ್ಲಿ ಬಿದ್ದಿತೆ, ಕೂದಲೆಳೆಯಷ್ಟು ಹಿಂದೆ ಬಿದ್ದಿತೆ ಎಂದು ವಿಚಾರಿಸುವವರು ಯಾರು? ರೇಡಿಯೋ ವಿಚಾರಿಸುವುದಿಲ್ಲ. ಅದು ತನ್ನ ಪಾಡಿಗೆ ತಾನು ಹಾಡುತ್ತ ಹೋಗುತ್ತದೆ. ಅಡಿಗೆಮನೆಯಿಂದ ಯಾರಾದರೂ ನಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಇದೊಂದು ಸ್ವಾತಂತ್ರ್ಯವೆಂದು ನಾನು ಎಂದೂ ಎಣಿಸಿಯೇ ಇರಲಿಲ್ಲ.

ಹೋದ ಬೇಸಗೆಯ ರಜೆಯಲ್ಲಿ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಒಂಬತ್ತನೆಯ ತರಗತಿಯ ಹುಡುಗ. ಮೂರು ವರ್ಷದಿಂದ ಮೃದಂಗ ಕಲಿಯುತ್ತಿದ್ದಾನೆ. ತನ್ನ ಜೊತೆಯಲ್ಲಿ ತಂದಿದ್ದ ಕಂಪ್ಯೂಟರಿನಲ್ಲಿ ಅವನು ಒಂದು ಆಟ ಆಡುತ್ತಿದ್ದ. ಅದರಲ್ಲಿ ಸಂಗೀತ ಕೇಳಿಬರುತ್ತದೆ. ತೆರೆಯ ಮೇಲೆ ವೃತ್ತಗಳು ಒಂದೊಂದಾಗಿ ಮೂಡುತ್ತವೆ. ಪ್ರತಿಯೊಂದನ್ನೂ ತಾಳಕ್ಕೆ ಸರಿಯಾಗಿ ಒತ್ತಬೇಕು. ಮೇಲ್ಗಡೆ ಬಲಮೂಲೆಯಲ್ಲಿ ಒಂದು ಅಂಕಿ, ೯೬.೨೪ ಎನ್ನಿ, ಪ್ರತಿ ಪೆಟ್ಟಿಗೂ ಮೇಲೆ ಕೆಳಗೆ ಅಲುಗುತ್ತಿರುತ್ತದೆ. ಅದು ಆ ಕ್ಷಣದವರೆಗಿನ ಅವನ ನಿಖರತೆ, ನೂರಕ್ಕೆ ಇಷ್ಟು ಎಂದು. ಹುಡುಗನ ಕಣ್ಣು ವೃತ್ತಗಳ ಮೇಲೆ ಎಷ್ಟಿತ್ತೋ ಆ ಮೂಲೆಯ ಮೇಲೂ ಅಷ್ಟೇ ಇತ್ತು. ಒಂದು ಪೆಟ್ಟು ತಪ್ಪಿತು, ಅಂಕಿ ಇಳಿಯಿತು. ಅಂಕಿಯೊಡನೆ ಹುಡುಗನ ಮುಖವೂ ಇಳಿಯಿತು. ಹಿಂದೆಯೇ ಇನ್ನೂ ಮೂರು ಪೆಟ್ಟು ತಪ್ಪಿದುವು.

“ಅದನ್ನು ನೋಡಬೇಡವೋ” ಎಂದೆ.

“ನೋಡದಿದ್ದರೆ ಸರಿಯಾಯಿತೋ ಇಲ್ಲವೋ ಗೊತ್ತಾಗೋದು ಹೇಗೆ ಮಾವ?” ಎಂದ.

ಮೃದಂಗ ಕಲಿಯುವ ಹುಡುಗನ ಬಾಯಲ್ಲಿ ಈ ಮಾತನ್ನು ಕೇಳಿ ನನಗೆ ಕಸಿವಿಸಿಯಾಯಿತು. ಕಿವಿ ಎಂಬುದೊಂದು ಇದೆಯಷ್ಟೆ? ಆದರೆ ಒಡನೆಯೇ ಗದರಲು ನಾಲಗೆ ಏಳಲಿಲ್ಲ. ಜೀವಮಾನವೆಲ್ಲ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿಕೊಂಡು ಬಂದವನು ನಾನು. ಪೆಟ್ಟು ಬಿದ್ದ ಗಳಿಗೆಯಲ್ಲೇ ತಪ್ಪನ್ನು ತೋರಿಸುವ ಯಂತ್ರವನ್ನು ನಾನೇ ಹೇಗೆ ಹಳಿಯಲಿ? ತೆರೆಯ ಮೇಲೆ ಈ ತೀರ್ಪಿನ ಮಾತನ್ನು ಮೊದಲು ತಂದವರು ಯಾರು, ಏಕೆ ತಂದರು ಎಂದು ವಿಚಾರಿಸತೊಡಗಿದೆ. ತಿಳಿದುಬಂದುದನ್ನು ತಮ್ಮ ಮುಂದಿಡುತ್ತೇನೆ. ಈ ಆಟಗಳನ್ನು ಕಾಣದವರಿಗೂ ಇದರಲ್ಲಿ ಏನೋ ಸಿಕ್ಕೀತು.

ಈ ಬಗೆಯ ಆಟಗಳ ತವರು ಜಪಾನ್ ದೇಶ. ೧೯೯೬ರ ಡಿಸೆಂಬರಿನಲ್ಲಿ ಸೋನಿಯವರ ಪ್ಲೇಸ್ಟೇಷನ್ ಯಂತ್ರಕ್ಕಾಗಿ ‘ಪರಪ್ಪ ದಿ ರ್‍ಯಾಪರ್’ ಎಂಬ ಆಟ ಹೊರಬಿತ್ತು. ಹೆಸರು ಕೇಳಿ ಹುಬ್ಬಳ್ಳಿ ಗದಗಿನ ಕಡೆಯ ಯಾರೋ ಹಿರಿಯರೆಂದು ಭಾವಿಸಬೇಡಿ. ಈ ಪರಪ್ಪ ಕಾಗದದಷ್ಟು ತೆಳುವಾದ ಒಂದು ನಾಯಿಮರಿ. ಆಟವನ್ನು ಕಲ್ಪಿಸಿದವರು ಮಸಾಯ ಮತ್ಸುಉರ ಎಂಬ ಸಂಗೀತಗಾರರು. ಚಿತ್ರಗಳು ರಾಡ್ನಿ ಗ್ರೀನ್‌ಬ್ಲಾಟ್ ಎಂಬ ಅಮೆರಿಕದ ಚಿತ್ರಕಾರರವು. ಪರಪ್ಪನಿಗೆ ಸಿಕ್ಕುವ ಮೊದಲನೆಯ ಗುರುವಿನ ತಲೆ ಒಂದು ಈರುಳ್ಳಿ. ಗುರು ಒಂದು ಸಾಲು ಹೇಳುತ್ತಾನೆ, ಅದೇ ಲಯದಲ್ಲಿ ಗುಂಡಿಗಳನ್ನೊತ್ತಿ ಶಿಷ್ಯ ಅದನ್ನು ತಿರುಗಿ ಹೇಳಬೇಕು. ನಮ್ಮಲ್ಲಿ ಸಂತೆ ಹೇಳಿಸುವುದು ಎನ್ನುತ್ತಾರಲ್ಲ, ಥೇಟ್ ಅದೇ ಕ್ರಮ.

ಶಿಷ್ಯನ ಸ್ಥಿತಿಯನ್ನು ತಿಳಿಸಲು ತೆರೆಯ ಪಕ್ಕದಲ್ಲಿ ನಾಲ್ಕು ಇಂಗ್ಲಿಷ್ ಮಾತುಗಳ ಒಂದು ಏಣಿ: ಮೇಲಿನಿಂದ ಕೂಲ್, ಗುಡ್, ಬ್ಯಾಡ್, ಆಫುಲ್. ಸಾಲುಗಳನ್ನು ಚೆನ್ನಾಗಿ ಹೇಳಿದರೆ ಹತ್ತುತ್ತೀರಿ, ಕೆಡಿಸಿದರೆ ಇಳಿಯುತ್ತೀರಿ, ಕೊನೆಯ ಮೆಟ್ಟಿಲಿನಿಂದಲೂ ಜಾರಿದರೆ ಪಾಠ ಮುಗಿಯಿತು. ಆದರೆ ಯಾವ ಪೆಟ್ಟು ತಪ್ಪಿತು, ಎಷ್ಟು ತಪ್ಪಿತು ಎಂಬುದನ್ನು ಈ ಏಣಿ ಹೇಳುವುದಿಲ್ಲ. ಉಪಾಧ್ಯಾಯರ ಮುಖ ಗಂಟಿಕ್ಕಿದೆ ಎಂದಷ್ಟೇ ತಿಳಿಯುತ್ತದೆ. ಏತಕ್ಕೆ ಗಂಟಿಕ್ಕಿತೆಂದು ಹುಡುಗ ತಾನೇ ಯೋಚಿಸಿಕೊಳ್ಳಬೇಕು. ಅದೂ ಒಂದು ಶಿಕ್ಷಣ ಕ್ರಮವೇ ಎನ್ನಿ.

ಮರುವರ್ಷವೇ, ೧೯೯೭ರ ಡಿಸೆಂಬರಿನಲ್ಲಿ, ಕೊನಾಮಿ ಕಂಪನಿಯವರು ‘ಬೀಟ್‌ಮೇನಿಯಾ’ ಎಂಬ ದೊಡ್ಡ ಯಂತ್ರವನ್ನು ಜಪಾನಿನ ಆಟದ ಮಳಿಗೆಗಳಲ್ಲಿ ನಿಲ್ಲಿಸಿದರು. ಐದು ಮನೆಗಳು, ಒಂದು ತಿರುಗುವ ತಟ್ಟೆ. ತೆರೆಯ ಮೇಲಿನಿಂದ ಪಟ್ಟಿಗಳು ಇಳಿದು ಬರುತ್ತವೆ. ಕೆಳಗಿನ ಗೆರೆಯನ್ನು ಮುಟ್ಟುವ ಗಳಿಗೆಗೆ ಸರಿಯಾಗಿ ಒತ್ತಬೇಕು. ಇಲ್ಲಿ ಮೊದಲಾಯಿತು ನಮ್ಮ ಕಥೆಯ ಮುಖ್ಯ ಭಾಗ. ಸಾಲಿಗೊಂದು ತೀರ್ಪು ಹೋಗಿ ಪೆಟ್ಟಿಗೊಂದು ತೀರ್ಪು ಬಂತು: ಗ್ರೇಟ್, ಗುಡ್, ಬ್ಯಾಡ್, ಪೂರ್. ಜೊತೆಗೆ ಏರಿ ಇಳಿಯುವ ಒಂದು ಮಾಪಕ. ಹಾಡು ಮುಗಿಯುವಾಗ ಅದು ಕೆಂಪು ಭಾಗವನ್ನು ಮುಟ್ಟಿರಬೇಕು.

ಈ ಯಂತ್ರದ ಒಂದು ಗುಣವನ್ನು ತಾವು ಗಮನಿಸಬೇಕು. ಅಲ್ಲಿ ಹಾಡಿನ ಧ್ವನಿಗಳಲ್ಲಿ ಬಹುಭಾಗ ಆಡುವವನ ಬೆರಳಿನಿಂದಲೇ ಹೊರಡುತ್ತದೆ. ಒತ್ತಿದರೆ ಧ್ವನಿ, ಒತ್ತದಿದ್ದರೆ ಆ ಸ್ವರ ಇಲ್ಲ. ತಡವಾಗಿ ಒತ್ತಿದರೆ ತಡವಾಗಿಯೇ ಕೇಳುತ್ತದೆ. ಎಂದರೆ, ಮಾತು ಮೂಡುವುದಕ್ಕೆ ಮುಂಚೆಯೇ ಕಿವಿಗೆ ತಪ್ಪು ಗೊತ್ತಾಗಿರುತ್ತದೆ. ತೆರೆಯ ಮೇಲಿನ ಮಾತು ಕಿವಿಯ ಸಾಕ್ಷ್ಯಕ್ಕೆ ಬೀಳುವ ರುಜು ಮಾತ್ರ.

೧೯೯೮ರಲ್ಲಿ ಅದೇ ಕಂಪನಿಯವರು ತಂದ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಈ ಸಂಬಂಧವನ್ನು ತಲೆಕೆಳಗು ಮಾಡಿತು. ಅಲ್ಲಿ ಆಡುವುದು ಕಾಲಿನಿಂದ. ನೆಲದ ಮೇಲೆ ನಾಲ್ಕು ಬಾಣದ ಗುರುತುಗಳು: ಮುಂದೆ, ಹಿಂದೆ, ಎಡ, ಬಲ. ತೆರೆಯಲ್ಲಿ ಬಾಣಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಮೇಲಿನ ನೆಲೆಯನ್ನು ಸೇರುವಾಗ ಹೆಜ್ಜೆ ಬೀಳಬೇಕು. ಹೆಜ್ಜೆ ಬಿದ್ದರೂ ಹಾಡು ಅದೇ, ತಪ್ಪಿದರೂ ಹಾಡು ಅದೇ. ಆಟದ ಮಳಿಗೆಯ ಗದ್ದಲವನ್ನು ತಾವು ಊಹಿಸಿಕೊಳ್ಳಿ: ನೂರು ಯಂತ್ರಗಳು ಒಟ್ಟಿಗೆ ಕೂಗುವ ಆ ಸಂತೆಯಲ್ಲಿ ತನ್ನ ಪಾದದ ಸದ್ದು ತನಗೇ ಕೇಳಿಸದು. ಕಾಲಿಗೆ ಧ್ವನಿಯಿಲ್ಲ, ಕಿವಿಗೆ ಸಾಕ್ಷ್ಯವಿಲ್ಲ, ಉಳಿದದ್ದು ಕಣ್ಣೊಂದೇ. ಆದ್ದರಿಂದ ತೀರ್ಪಿನ ಮಾತು ಇಲ್ಲಿ ರುಜುವಾಗಿ ಉಳಿಯಲಿಲ್ಲ, ಏಕಮಾತ್ರ ಸಾಕ್ಷಿಯಾಯಿತು. ಪರ್ಫೆಕ್ಟ್, ಗ್ರೇಟ್, ಗುಡ್, ಬೂ, ಮಿಸ್ ಎಂದು ಐದು ದರ್ಜೆ. ತಪ್ಪದೆ ಎಷ್ಟು ಹೆಜ್ಜೆ ಕೂಡಿಬಂದುವು ಎಂಬ ಎಣಿಕೆಯೂ ಮಾತಿನ ಕೆಳಗೇ ಬೆಳೆಯುತ್ತ ಹೋಗುತ್ತದೆ. ಇದಕ್ಕೆ ಸರಪಣಿ ಎಂದು ಹೆಸರಿಟ್ಟುಕೊಳ್ಳೋಣ.

ಈ ಮಾತುಗಳು ಆಡುವವನಿಗೆ ಮಾತ್ರ ಬೇಕಾದುವಲ್ಲ ಎಂಬುದೂ ಸ್ಪಷ್ಟ. ಕುಣಿಯುವವನ ಬೆನ್ನ ಹಿಂದೆ ಗುಂಪು ಕಟ್ಟಿ ನಿಂತವರಿಗೆ ಕುಣಿತ ಚೆನ್ನಾಗಿದೆಯೋ ಇಲ್ಲವೋ ಕಾಣುತ್ತದೆ, ತಾಳ ಕೂಡಿತೋ ಇಲ್ಲವೋ ಕಾಣುವುದಿಲ್ಲ. ಮಾತು ಅವರಿಗೂ ಬೇಕಾಯಿತು. ‘ಬೂ’ ಎಂಬುದು ನಾಟಕಶಾಲೆಯಲ್ಲಿ ಇಂಗ್ಲಿಷರು ನಟನನ್ನು ಗೇಲಿ ಮಾಡುವ ಕೂಗು. ಯಂತ್ರವು ಪ್ರೇಕ್ಷಕರ ಬಾಯಿಂದ ಅದನ್ನು ಕಸಿದುಕೊಂಡು ತಾನೇ ಹೇಳಿಬಿಟ್ಟಿತು. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದವರು ೨೦೦೬ರಲ್ಲಿ ತಮ್ಮ ೭೬೫ ಸರಕಾರಿ ಶಾಲೆಗಳಿಗೆಲ್ಲ ವ್ಯಾಯಾಮ ಪಾಠವಾಗಿ ಈ ಆಟವನ್ನು ತರುವ ಯೋಜನೆಯನ್ನು ಪ್ರಕಟಿಸಿದರು.

ಕನ್ನಡ ಪಂಡಿತನಾದ ನನಗೆ ಇಲ್ಲಿ ಪದಗಳ ಗತಿಯೇ ಒಂದು ವಿನೋದ. ಈ ಆಟದ ಹಳೆಯ ಆವೃತ್ತಿಗಳಲ್ಲಿ ‘ಗುಡ್’ ಬಂದರೆ ಸರಪಣಿ ಕಡಿದುಹೋಗುತ್ತಿತ್ತು. ‘ಒಳ್ಳೆಯದು’ ಎಂದು ಬಾಯಲ್ಲಿ ಹೇಳುತ್ತ ಕೈಯಲ್ಲಿ ಕತ್ತರಿಸುವುದು! ಹೊಗಳಿಕೆಯ ಮಾತನ್ನು ದಿನಕ್ಕೆ ಸಾವಿರ ಸಲ ಬಳಸಿದರೆ ಅದರ ಬೆಲೆ ಇಳಿಯುವುದು ಸಹಜವೇ. ಇನ್ನು ಮೇಲ್ತುದಿಯ ಮಾತು. ಪರ್ಫೆಕ್ಟ್ ಎಂದರೆ ಪರಿಪೂರ್ಣ. ಪರಿಪೂರ್ಣಕ್ಕಿಂತ ಮೇಲೆ ಮತ್ತೊಂದು ಇರಲಾರದೆಂದು ಯಾವ ವೈಯಾಕರಣನೂ ಹೇಳಿಯಾನು. ಆದರೆ ಆಟಗಾರರು ನುರಿತರು, ಎಲ್ಲರೂ ಪರಿಪೂರ್ಣರೇ ಆಗತೊಡಗಿದರು. ಆಗ ಅದರ ಮೇಲೆ ‘ಮಾರ್ವಲಸ್’ ಎಂಬ ಅಂತಸ್ತನ್ನು ಕಟ್ಟಿದರು: ಮೊದಲು ವಿಶೇಷ ಪಂದ್ಯಗಳಲ್ಲಿ ಮಾತ್ರ, ೨೦೦೭ರ ಆವೃತ್ತಿಯಿಂದ ಸಾಮಾನ್ಯ ಆಟದಲ್ಲೂ.

ಜಪಾನೀಯರದೇ ಭಾಷೆಯಲ್ಲಿ ತೀರ್ಪು ಹೇಳುವ ಒಂದು ಆಟವೂ ಉಂಟು. ನಾಮ್ಕೊ ಕಂಪನಿಯ ‘ತೈಕೋ ನೊ ತತ್ಸುಜಿನ್’, ೨೦೦೧ರದು. ತೈಕೋ ಎಂದರೆ ಅವರ ದೊಡ್ಡ ನಗಾರಿ, ತತ್ಸುಜಿನ್ ಎಂದರೆ ನಿಪುಣ. ಯಂತ್ರದ ಮುಂದೆ ನಿಜವಾಗಿಯೇ ಒಂದು ಡೋಲು ಇದೆ, ಕೈಯಲ್ಲಿ ಕೋಲು ಹಿಡಿದು ಬಾರಿಸಬೇಕು. ಪ್ರತಿ ಪೆಟ್ಟಿಗೂ ರ್ಯೋ, ಕಾ, ಫುಕಾ ಎಂಬ ಮೂರರಲ್ಲೊಂದು ಮೂಡುತ್ತದೆ: ಉತ್ತಮ, ಅಡ್ಡಿಯಿಲ್ಲ, ಆಗದು. ಈ ಮೂರು ಮಾತುಗಳು ಎಲ್ಲಿಂದ ಬಂದುವೆಂದು ನೋಡಿದಾಗ ನಾನು ನಕ್ಕುಬಿಟ್ಟೆ. ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಯ ಉತ್ತರಕ್ಕೆ ಕೊಡುವ ಹಳೆಯ ದರ್ಜೆಗಳು ನಾಲ್ಕು: ಯೂ, ರ್ಯೋ, ಕಾ, ಫುಕಾ. ಅವುಗಳಲ್ಲಿ ಕೆಳಗಿನ ಮೂರು ನಗಾರಿಯ ಯಂತ್ರದ ಮೇಲೂ ಕುಳಿತಿವೆ. ಮಕ್ಕಳು ಪರೀಕ್ಷೆ ಮುಗಿಸಿ ಓಡಿಬಂದು ನಗಾರಿ ಬಾರಿಸಿದರೆ ಅಲ್ಲಿಯೂ ಅದೇ ಅಂಕಪಟ್ಟಿ, ಅದೂ ಪೆಟ್ಟಿಗೊಂದು!

ಮಾತಿನಿಂದ ಅಂಕಿಗೆ ಬಂದ ದಾರಿಯನ್ನು ಈಗ ನೋಡೋಣ. ೨೦೦೪ರಲ್ಲಿ ಅಮೆರಿಕದ ಟೆಕ್ಸಾಸಿನ ರಾಕ್ಸರ್ ಗೇಮ್ಸ್ ಎಂಬವರು ‘ಇನ್ ದ ಗ್ರೂವ್’ ಎಂಬ ಕುಣಿತದ ಆಟವನ್ನು ತಂದರು. ಅದರಲ್ಲಿ ಆಡುತ್ತಿರುವಾಗಲೇ ನೂರಕ್ಕೆ ಇಷ್ಟು ಎಂಬ ಲೆಕ್ಕ, ದಶಮಾಂಶದ ಎರಡು ಸ್ಥಾನಗಳವರೆಗೆ, ತೆರೆಯ ಮೇಲೆ ಕಾಣುತ್ತಿತ್ತು. ೨೦೦೭ರಲ್ಲಿ ಆಸ್ಟ್ರೇಲಿಯದ ಡೀನ್ ಹರ್ಬರ್ಟ್ ಎಂಬವರು ‘ಒಸು!’ ಎಂಬ ಆಟವನ್ನು ಕಂಪ್ಯೂಟರುಗಳಿಗಾಗಿ ಉಚಿತವಾಗಿ ಬಿಟ್ಟರು. ನಮ್ಮ ಹುಡುಗ ಆಡುತ್ತಿದ್ದುದು ಇದನ್ನೇ. ಅದರಲ್ಲಿ ಪೂರ್ಣ ಸರಿಯಾದ ಪೆಟ್ಟಿಗೆ ೩೦೦, ಸ್ವಲ್ಪ ಸರಿದರೆ ೧೦೦, ಇನ್ನೂ ಸರಿದರೆ ೫೦, ತಪ್ಪಿದರೆ ಸೊನ್ನೆ. ಬಂದ ಅಂಕಗಳನ್ನು ಬರಬಹುದಾಗಿದ್ದ ಅಂಕಗಳಿಂದ ಭಾಗಿಸಿದರೆ ನಿಖರತೆ. ನೂರು ಪೆಟ್ಟಿನಲ್ಲಿ ತೊಂಬತ್ತು ಪೂರ್ಣ, ಹತ್ತಕ್ಕೆ ತಲಾ ೧೦೦ ಎಂದಿಟ್ಟುಕೊಳ್ಳಿ: ೩೦,೦೦೦ಕ್ಕೆ ೨೮,೦೦೦ ಬಂತು, ೯೩.೩೩.

ಹಾಡು ಮುಗಿದ ಮೇಲೆ ಈ ಲೆಕ್ಕದಲ್ಲಿ ಯಾವ ಜಗಳವೂ ಇಲ್ಲ. ಜಗಳ ಹುಟ್ಟುವುದು ಹಾಡಿನ ನಡುವೆ ತೋರಿಸುವಾಗ. ಏಕೆಂದರೆ ನಡುವೆ ತೋರಿಸಲು ಮೂರು ದಾರಿಗಳಿವೆ, ಮೂರೂ ಸತ್ಯವೇ, ಆದರೆ ಮೂರರ ಮುಖ ಬೇರೆ ಬೇರೆ. ಒಬ್ಬ ಹುಡುಗ ನೂರು ಪೆಟ್ಟಿನ ಹಾಡಿನಲ್ಲಿ ಎರಡನೆಯದೊಂದನ್ನು ಮಾತ್ರ ತಪ್ಪಿಸಿ ಉಳಿದುದನ್ನೆಲ್ಲ ಪೂರ್ಣವಾಗಿ ಬಾರಿಸುತ್ತಾನೆ ಎನ್ನೋಣ. ಎರಡನೆಯ ಪೆಟ್ಟು ಮುಗಿದ ಗಳಿಗೆಯಲ್ಲಿ ಅವನಿಗೆ ಏನು ತೋರಿಸಬೇಕು? ಸೊನ್ನೆಯಿಂದ ಕೂಡಿಸುತ್ತ ಹೋಗುವ ಯಂತ್ರ ೧ ಎಂದು ತೋರಿಸುತ್ತದೆ. ‘ಇನ್ ದ ಗ್ರೂವ್’ ಇಂಥದು. ನೂರರಿಂದ ಕಳೆಯುತ್ತ ಬರುವ ಯಂತ್ರ ೯೯ ಎಂದು ತೋರಿಸುತ್ತದೆ; ‘ಸ್ಟೆಪ್‌ಮೇನಿಯಾ’ ಎಂಬ ಉಚಿತ ಆಟಕ್ಕೆ ಅದರ ಅಭಿಮಾನಿಗಳೇ ಮಾಡಿಕೊಂಡ ಕೆಲವು ವಿನ್ಯಾಸಗಳಲ್ಲಿ ಈ ಏರ್ಪಾಡು ಉಂಟು. ಅದುವರೆಗಿನ ಸರಾಸರಿಯನ್ನು ಹೇಳುವ ಯಂತ್ರ, ಎಂದರೆ ‘ಒಸು!’, ೫೦ ಎಂದು ತೋರಿಸುತ್ತದೆ. ಹತ್ತನೆಯ ಪೆಟ್ಟಿನ ಹೊತ್ತಿಗೆ ಮೊದಲನೆಯದರಲ್ಲಿ ೯, ಎರಡನೆಯದರಲ್ಲಿ ೯೯, ಮೂರನೆಯದರಲ್ಲಿ ೯೦. ನೂರನೆಯದು ಮುಗಿದಾಗ ಮೂರರಲ್ಲೂ ೯೯.

ಒಂದೇ ಹುಡುಗ, ಒಂದೇ ತಪ್ಪು. ಆದರೆ ಒಬ್ಬನಿಗೆ ಇನ್ನೂ ಗಳಿಸುವುದು ಬೇಕಾದಷ್ಟಿದೆ ಎನ್ನಿಸುತ್ತದೆ. ಒಬ್ಬನಿಗೆ ಹೋದದ್ದು ಹೋಯಿತು, ಮತ್ತೆ ಬಾರದು ಎನ್ನಿಸುತ್ತದೆ. ಇನ್ನೊಬ್ಬನಿಗೆ ಅರ್ಧ ಮನೆಯೇ ಕುಸಿದಂತೆ ಎದೆ ಧಸಕ್ಕೆನ್ನುತ್ತದೆ. ಸರಾಸರಿಯ ಲೆಕ್ಕದಲ್ಲಿ ಮೊದಲ ಪೆಟ್ಟುಗಳಿಗೆ ಅತಿ ಕಠೋರ, ಕೊನೆಯವಕ್ಕೆ ಅತಿ ಸೌಮ್ಯ. ತೊಂಬತ್ತೆಂಟು ಪೆಟ್ಟು ಸರಿಯಾಗಿ ಬಾರಿಸಿ ತೊಂಬತ್ತೊಂಬತ್ತನೆಯದನ್ನು ತಪ್ಪಿಸಿದರೆ ಅಂಕಿ ನೂರರಿಂದ ೯೮.೯೯ಕ್ಕೆ ಇಳಿಯುತ್ತದೆ, ಅಷ್ಟೆ. ಉತ್ತರ ಪತ್ರಿಕೆಗಳನ್ನು ತಿದ್ದುವ ನನ್ನ ಮಿತ್ರರಿಗೆ ಇದು ಹೊಸದಲ್ಲ. ನಮ್ಮಲ್ಲಿಯೂ ಕೂಡಿಸುವವರಿದ್ದಾರೆ, ಕಳೆಯುವವರಿದ್ದಾರೆ. ನಮ್ಮ ಪುಣ್ಯಕ್ಕೆ ಹುಡುಗರು ಬರೆಯುತ್ತಿರುವಾಗ ನಾವು ಪಕ್ಕದಲ್ಲಿ ನಿಂತು ಅದನ್ನು ಓದಿ ಹೇಳುವುದಿಲ್ಲ.

ಇಷ್ಟಾದರೂ ಈ ಎಲ್ಲ ಅಂಕಿಗಳಲ್ಲಿ ಒಂದು ಕೊರತೆ ಉಳಿದೇ ಇತ್ತು. ಪೆಟ್ಟು ಸರಿದಿದೆ ಎಂದು ಹೇಳುತ್ತವೆ. ಮುಂದಕ್ಕೆ ಸರಿಯಿತೋ ಹಿಂದಕ್ಕೆ ಸರಿಯಿತೋ ಹೇಳುವುದಿಲ್ಲ. ತಿದ್ದಿಕೊಳ್ಳಬೇಕಾದವನಿಗೆ ಬೇಕಾದುದು ಅದೇ ಅಲ್ಲವೆ? ಇದರ ಬೆಲೆ ಎಷ್ಟೆಂಬುದನ್ನು ತಿಳಿಯಲು ವಿಡಿಯೋ ಆಟಗಳನ್ನು ಬಿಟ್ಟು, ಇನ್ನೂರು ವರ್ಷಗಳಿಗೂ ಹಿಂದಿನ ಒಂದು ಪ್ರಸಂಗವನ್ನು ಹೇಳಬೇಕಾಗುತ್ತದೆ. ಅದೂ ತಾಳಕ್ಕೆ ಕಣ್ಣು ಕೂಡಿಸುವ ಕೆಲಸದ್ದೇ.

ಲಂಡನಿನ ಬಳಿಯ ಗ್ರೀನಿಚ್ ಖಗೋಳ ವೀಕ್ಷಣಾಲಯದಲ್ಲಿ ನಕ್ಷತ್ರವೊಂದು ದೂರದರ್ಶಕದೊಳಗಿನ ತಂತಿಯನ್ನು ದಾಟುವ ಕ್ಷಣವನ್ನು ಗುರುತಿಸುತ್ತಿದ್ದರು. ವೀಕ್ಷಕನು ಗಡಿಯಾರದ ಟಿಕ್ ಟಿಕ್ ಸದ್ದನ್ನು ಕಿವಿಯಲ್ಲಿ ಎಣಿಸುತ್ತ, ಕಣ್ಣಿನಲ್ಲಿ ನಕ್ಷತ್ರವನ್ನು ಹಿಂಬಾಲಿಸಿ, ಎರಡು ಟಿಕ್‌ಗಳ ನಡುವೆ ಎಲ್ಲಿ ದಾಟಿತೆಂದು ಸೆಕೆಂಡಿನ ಹತ್ತರ ಪಾಲಿನವರೆಗೆ ಅಂದಾಜು ಮಾಡಬೇಕು. ೧೭೯೫ರಲ್ಲಿ ಅಲ್ಲಿನ ಮುಖ್ಯಸ್ಥರಾದ ನೆವಿಲ್ ಮ್ಯಾಸ್ಕೆಲಿನ್ ಅವರಿಗೆ ತಮ್ಮ ಸಹಾಯಕ ಡೇವಿಡ್ ಕಿನ್ನೆಬ್ರೂಕನ ಲೆಕ್ಕ ತಮ್ಮದಕ್ಕಿಂತ ಸುಮಾರು ಅರ್ಧ ಸೆಕೆಂಡು ಹಿಂದೆ ಬೀಳುತ್ತಿರುವುದು ಕಂಡಿತು. ಎಚ್ಚರಿಸಿದರು. ಆತ ತಿದ್ದಿಕೊಳ್ಳಲು ಯತ್ನಿಸಿದ. ಆದರೆ ತಾನು ತಡವಾದ ಕ್ಷಣದಲ್ಲೇ ಅದನ್ನು ತೋರಿಸುವ ಯಾವ ಉಪಾಯವೂ ಅವನ ಬಳಿ ಇರಲಿಲ್ಲ. ತಡವೆಂಬುದು ತಿಂಗಳುಗಳ ಲೆಕ್ಕ ತಾಳೆ ನೋಡಿದ ಮೇಲೆ ಕೇಳಿಬಂದ ಮಾತು. ೧೭೯೬ರ ಹೊತ್ತಿಗೆ ಅಂತರ ೦.೮ ಸೆಕೆಂಡಿಗೆ ಬೆಳೆದಿತ್ತು. ಅವನನ್ನು ಕೆಲಸದಿಂದ ತೆಗೆದರು. ಮುಂದೆ ೧೮೨೦ರ ದಶಕದಲ್ಲಿ ಜರ್ಮನಿಯ ಬೆಸೆಲ್ ಎಂಬ ಖಗೋಳಜ್ಞರು ತಮ್ಮನ್ನೂ ತಮ್ಮ ಸಮಾನಸ್ಕಂಧರನ್ನೂ ಹೋಲಿಸಿ ನೋಡಿ, ಇಂಥ ಅಂತರ ನುರಿತವರ ನಡುವೆಯೂ ಇರುತ್ತದೆ, ಇದು ಅಜಾಗರೂಕತೆಯಲ್ಲ, ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ಸರಿತ ಇದೆ ಎಂದು ತೋರಿಸಿಕೊಟ್ಟರು. ಅಷ್ಟರಲ್ಲಿ ಕಿನ್ನೆಬ್ರೂಕ ತೀರಿಕೊಂಡು ವರ್ಷಗಳಾಗಿದ್ದವು.

ಆ ಬಡ ಸಹಾಯಕನಿಗೆ ದೊರೆಯದಿದ್ದುದು ಇಂದು ಹತ್ತು ವರ್ಷದ ಹುಡುಗನಿಗೆ ದೊರೆಯುತ್ತಿದೆ. ‘ಬೀಟ್‌ಮೇನಿಯಾ’ದ ಮುಂದಿನ ಪೀಳಿಗೆಯಾಗಿ ೧೯೯೯ರಲ್ಲಿ ಏಳು ಮನೆಗಳೊಡನೆ ಹುಟ್ಟಿದ ‘ಟೂ ಡಿಎಕ್ಸ್’ ಸರಣಿಯ ತರುವಾಯದ ಆವೃತ್ತಿಗಳಲ್ಲಿ ತೀರ್ಪಿನ ಮಾತಿನ ಪಕ್ಕದಲ್ಲಿ ‘ಫಾಸ್ಟ್’ ಅಥವಾ ‘ಸ್ಲೋ’ ಎಂಬ ಇನ್ನೊಂದು ಚಿಕ್ಕ ಮಾತು ಸೇರಿತು: ಬೇಗ ಬಿತ್ತು, ತಡವಾಯಿತು. ‘ಒಸು!’ ಆಟದಲ್ಲಿ ತೆರೆಯ ಕೆಳಗೆ ಅಡ್ಡಲಾಗಿ ಒಂದು ಪಟ್ಟಿಯನ್ನು ಇಟ್ಟುಕೊಳ್ಳಬಹುದು. ನಡುವಿನ ಗೆರೆ ತಾಳದ ಕ್ಷಣ. ಪ್ರತಿ ಪೆಟ್ಟೂ ಒಂದು ಸಣ್ಣ ಗೀರಾಗಿ ಎಡಕ್ಕೋ ಬಲಕ್ಕೋ ಬೀಳುತ್ತದೆ. ಎಡಕ್ಕೆ ಬಿದ್ದರೆ ಬೇಗ, ಬಲಕ್ಕೆ ಬಿದ್ದರೆ ತಡ. ಇಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಗೀರು ಎಲ್ಲಿ ಬಿತ್ತು ಎಂಬ ವರದಿ ಮಾತ್ರ. ಗೀರುಗಳು ಎಷ್ಟು ಚೆದರಿವೆ ಎಂಬುದಕ್ಕೂ ಒಂದು ಅಂಕಿ ಇದೆ. ಒಬ್ಬನ ಗೀರುಗಳೆಲ್ಲ ಬಲಕ್ಕೆ ಸರಿದು ಒತ್ತಾಗಿ ಕೂಡಿದ್ದರೆ ಅವನ ಲಯ ಗಟ್ಟಿಯಾಗಿದೆ, ಆರಂಭ ಮಾತ್ರ ತಡ. ಇನ್ನೊಬ್ಬನವು ನಡುವಿನ ಎರಡೂ ಕಡೆ ಹರಡಿದ್ದರೆ ಅವನ ಲಯವೇ ಗಟ್ಟಿಯಿಲ್ಲ. ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಇಬ್ಬರೂ ಸರಿಸಮಾನರಾಗಿ ಕಂಡಾರು. ಇವರಿಬ್ಬರಿಗೂ ಒಂದೇ ಪಾಠ ಹೇಳುವ ಮೃದಂಗದ ಗುರುವನ್ನು ನಾನು ಕಾಣೆ.

ಅಳತೆ ಎಷ್ಟು ಸೂಕ್ಷ್ಮವೆಂದು ಹೇಳುವುದನ್ನು ಮರೆತೆ. ಈ ಯಂತ್ರಗಳಲ್ಲಿ ಚಿತ್ರ ಸೆಕೆಂಡಿಗೆ ೬೦ ಸಲ ಬದಲಾಗುವುದು ರೂಢಿ. ನುರಿತವರ ಆಟಗಳಲ್ಲಿ ಮೇಲ್ದರ್ಜೆಯ ತೀರ್ಪಿಗೆ ತಾಳದ ಕ್ಷಣದಿಂದ ಆಚೆ ಈಚೆ ಅಂಥ ಒಂದೊಂದು ಚಿತ್ರದಷ್ಟು, ಎಂದರೆ ಸೆಕೆಂಡಿನ ಸಾವಿರದಲ್ಲಿ ಹದಿನೇಳು ಪಾಲಿನಷ್ಟು, ಅವಕಾಶ. ಕಣ್ಣಿನ ರೆಪ್ಪೆ ಬಡಿಯಲು ಇದರ ಐದಾರು ಪಟ್ಟು ಕಾಲ ಹಿಡಿಯುತ್ತದೆ.

ಇಷ್ಟು ಸೂಕ್ಷ್ಮಕ್ಕೆ ಇಳಿದಾಗ ಅಳೆಯುವ ಯಂತ್ರವೇ ಸರಿಯಿದೆಯೆ ಎಂಬ ಪ್ರಶ್ನೆ ಬರುತ್ತದೆ. ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನಿನಲ್ಲಿ ಚಿತ್ರ ತಡೆಯಿಲ್ಲದೆ ಮೂಡುತ್ತಿತ್ತು. ಚಪ್ಪಟೆ ತೆರೆಗಳು ಬಂದ ಮೇಲೆ ಅವು ಚಿತ್ರವನ್ನು ತಮ್ಮೊಳಗೆ ಹಸನುಗೊಳಿಸಿ ಹೊರಬಿಡುವಷ್ಟರಲ್ಲಿ ಸೆಕೆಂಡಿನ ಕೆಲವು ಅಂಶ ಜಾರಿಹೋಗತೊಡಗಿತು. ಹುಡುಗ ಸರಿಯಾಗಿಯೇ ಬಾರಿಸಿದ, ತೀರ್ಪು ‘ತಡ’ ಎಂದು ಬಂತು! ಅಂಗಡಿಯ ತಕ್ಕಡಿಯಲ್ಲೇ ಓರೆಯಿದ್ದರೆ ಗಿರಾಕಿಯನ್ನು ಬೈದು ಏನು ಫಲ? ೨೦೦೮ರ ‘ರಾಕ್ ಬ್ಯಾಂಡ್ ೨’ ಆಟದವರು ತಮ್ಮ ಆಟಿಕೆಯ ಗಿಟಾರಿನೊಳಗೆ ಬೆಳಕನ್ನೂ ಸದ್ದನ್ನೂ ಗ್ರಹಿಸುವ ಸಾಧನಗಳನ್ನಿಟ್ಟರು. ಗಿಟಾರನ್ನು ತೆರೆಯ ಮುಂದೆ ಹಿಡಿದರೆ ಮನೆಯ ಟೆಲಿವಿಷನ್ ಎಷ್ಟು ಹಿಂದೆ ಬೀಳುತ್ತದೆಂದು ಅದೇ ಅಳೆದು, ಅಷ್ಟನ್ನು ತೀರ್ಪಿನಲ್ಲಿ ಕಳೆಯುತ್ತದೆ. ಕಿನ್ನೆಬ್ರೂಕನಿಗೆ ಯಾರೂ ಮಾಡದ ಉಪಕಾರ ಇದು.

ಇನ್ನು ಈ ಮೆರವಣಿಗೆಗೆ ಸೇರದೆ ದೂರ ನಿಂತವರ ಮಾತು. ೨೦೦೫ರ ‘ಗಿಟಾರ್ ಹೀರೋ’ದಲ್ಲಿ ಪೆಟ್ಟಿಗೊಂದು ದರ್ಜೆಯ ಮಾತಿಲ್ಲ, ಕೆಂಪು, ಹಳದಿ, ಹಸುರಿನ ಮೇಲೆ ತೂಗುವ ಒಂದು ಮುಳ್ಳು ಇದೆ, ತಪ್ಪಿದರೆ ಗಿಟಾರಿನ ಧ್ವನಿ ಕಡಿದುಹೋಗುತ್ತದೆ, ನೂರಕ್ಕೆ ಎಷ್ಟೆಂಬುದು ಹಾಡು ಮುಗಿದ ಮೇಲೆ. ಇದಕ್ಕಿಂತ ಧೀರವಾದುದು ನಿಂಟೆಂಡೊ ಕಂಪನಿಯವರು ೨೦೦೬ರಲ್ಲಿ ಜಪಾನಿನಲ್ಲಿ ಹೊರತಂದ ‘ರಿದಂ ತೆಂಗೋಕು’. ತೆಂಗೋಕು ಎಂದರೆ ಸ್ವರ್ಗ. ತ್ಸುಂಕು ಎಂಬ ಸಂಗೀತ ನಿರ್ದೇಶಕರು ಅದರ ಕಲ್ಪನೆಯಲ್ಲಿ ಭಾಗಿಗಳು. ಅದರಲ್ಲಿ ಆಡುವಾಗ ತೀರ್ಪಿನ ಮಾತಿಲ್ಲ, ಮಾಪಕವಿಲ್ಲ, ಅ೦ಕಿಯಿಲ್ಲ. ಪೆಟ್ಟು ಕೂಡಿದರೆ ಹಿತವಾದ ಸದ್ದು, ತಪ್ಪಿದರೆ ಒಂದು ಅಪಸದ್ದು, ಎದುರಿನ ಗೊಂಬೆಯ ಮುಖದಲ್ಲಿ ಒಂದು ನೋಟ. ಅಷ್ಟೆ. ಪಾಸೋ ಫೇಲೋ ಎಂಬುದು ಕೊನೆಯಲ್ಲಿ. ಕಣ್ಣು ಮುಚ್ಚಿಕೊಂಡು ಆಡಿದರೂ ಬಹಳಷ್ಟು ನಡೆಯುತ್ತದೆ. ಹತ್ತು ವರ್ಷ ಕಣ್ಣಿಗೆ ಒಪ್ಪಿಸಿದ್ದ ಕೆಲಸವನ್ನು ಇವರು ಮರಳಿ ಕಿವಿಗೆ ಒಪ್ಪಿಸಿದರು.

ಇವರಲ್ಲಿ ಸರಿ ಯಾರು? ಆಟಗಳಿಗೆ ಸಂಬಂಧವಿಲ್ಲದ ಒಂದು ಶಾಸ್ತ್ರದಲ್ಲಿ, ದೇಹ ಕೆಲಸ ಕಲಿಯುವ ಬಗೆಯನ್ನು ಪರೀಕ್ಷಿಸುವವರು ಇದನ್ನು ವಿಚಾರ ಮಾಡಿದ್ದಾರೆ. ೧೯೮೪ರಲ್ಲಿ ಸಾಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ಮೂವರು ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಪ್ರತಿ ಯತ್ನಕ್ಕೂ ಫಲಿತಾಂಶವನ್ನು ಹೇಳುತ್ತ ಹೋದರೆ ಅಭ್ಯಾಸದ ವೇಳೆಯಲ್ಲಿ ಕೆಲಸ ಚೆನ್ನಾಗಿಯೇ ಸಾಗುತ್ತದೆ. ಆದರೆ ಕಲಿಯುವವನು ಆ ಹೇಳಿಕೆಯನ್ನೇ ಊರುಗೋಲು ಮಾಡಿಕೊಳ್ಳುತ್ತಾನೆ, ಅದನ್ನು ತೆಗೆದಾಗ ಎಡವುತ್ತಾನೆ ಎಂಬುದು ಅವರ ಅಭಿಪ್ರಾಯ. ೧೯೯೦ರಲ್ಲಿ ವಿನ್‌ಸ್ಟೀನ್ ಮತ್ತು ಶ್ಮಿಟ್ ಕೆಲವರಿಗೆ ಪ್ರತಿ ಸಲವೂ, ಕೆಲವರಿಗೆ ಅರ್ಧದಷ್ಟು ಸಲ ಮಾತ್ರವೂ ಫಲವನ್ನು ತಿಳಿಸಿ ತೋಳಿನ ಒಂದು ಚಲನೆಯನ್ನು ಕಲಿಸಿದರು. ಮರುದಿನ ಏನೂ ತಿಳಿಸದೆ ಪರೀಕ್ಷಿಸಿದಾಗ ಅರ್ಧ ತಿಳಿದವರೇ ಮೇಲಾದರು. ಹಾಗೆಂದು ಏನೂ ತಿಳಿಸಬಾರದೆಂದಲ್ಲ. ಕಿನ್ನೆಬ್ರೂಕನ ಗತಿ ನಮಗೆ ಗೊತ್ತಿದೆ.

ಇದನ್ನು ಓದಿದಾಗ ನನಗೆ ಬಹಳ ವರ್ಷಗಳ ಹಿಂದಿನ ಒಬ್ಬ ವಿದ್ಯಾರ್ಥಿಯ ನೆನಪಾಯಿತು. ಭಾಮಿನಿ ಷಟ್ಪದಿಯನ್ನು ಗಟ್ಟಿಯಾಗಿ ಓದಿಸುತ್ತಿದ್ದೆ. ಮೂರು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವ ಆ ನಡೆಯಲ್ಲಿ ಅವನು ಎಲ್ಲಿ ಒಂದು ಮಾತ್ರೆ ಎಳೆದರೂ ನಾನು ಮೇಜಿನ ಮೇಲೆ ಬೆರಳು ಕುಟ್ಟಿ ನಿಲ್ಲಿಸಿ ತಿದ್ದುತ್ತಿದ್ದೆ. ತಿದ್ದಿದ್ದು ಸರಿಯೇ, ಒಂದು ತಿಂಗಳಲ್ಲಿ ತಪ್ಪುಗಳು ಕಡಿಮೆಯಾದುವು. ಆದರೆ ಪ್ರತಿ ಸಾಲಿನ ಕೊನೆಯಲ್ಲಿಯೂ ಅವನು ತಲೆಯೆತ್ತಿ ನನ್ನ ಮುಖವನ್ನು ನೋಡತೊಡಗಿದ. ಮುಖ ನೋಡಿ, ಸರಿ ಎನ್ನಿಸಿಕೊಂಡು, ಆಮೇಲೆ ಮುಂದಿನ ಸಾಲು. ಷಟ್ಪದಿ ಆರು ತುಂಡಾಯಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಸಭೆಯ ಹಿಂದುಗಡೆ ಕುಳಿತಿದ್ದೆ, ಅವನಿಗೆ ನನ್ನ ಮುಖ ಕಾಣಲಿಲ್ಲ. ಮೂರನೆಯ ಸಾಲಿಗೆ ನಿಂತುಬಿಟ್ಟ. ಆಗ ಅವನಿಗೆ ಸಭಾಕಂಪ ಎಂದುಕೊಂಡಿದ್ದೆ.

ರಜೆ ಮುಗಿಯುವ ಹಿಂದಿನ ದಿನ ಹುಡುಗನೊಡನೆ ಒಂದು ಒಪ್ಪಂದ ಮಾಡಿಕೊಂಡೆ. ಮೊದಲು ನಾನು ಆಡುವುದು, ಕೆಳಗಿನ ಗೀರಿನ ಪಟ್ಟಿಯೊಡನೆ. ಆಮೇಲೆ ಅವನು, ಪಟ್ಟಿಯಿಲ್ಲದೆ. ಅವನು ಅತ್ಯಂತ ಸುಲಭವಾದ ಹಾಡನ್ನು ಹಾಕಿಕೊಟ್ಟ. ನನಗೆ ೭೧ ಚಿಲ್ಲರೆ ಬಂತು. ಗೀರುಗಳು ಮಾತ್ರ ಎಲ್ಲವೂ ಎಡಗಡೆಗೇ ಬಿದ್ದಿದ್ದುವು.

“ನೀವು ಎಲ್ಲಾನೂ ಮೊದಲೇ ಒತ್ತಿಬಿಡ್ತೀರಿ ಮಾವ” ಎಂದ. ತಾಳಕ್ಕೆ ಬೆರಳು ಕುಟ್ಟುವ ಮನುಷ್ಯರು ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಮುಂಚೆಯೇ ಕುಟ್ಟುತ್ತಾರೆಂದು ಪ್ರಯೋಗಗಳಲ್ಲಿ ಕಂಡಿದೆ. ಹಾಗೆಂದು ಅವನಿಗೆ ಸಮಾಧಾನ ಹೇಳಿದೆ. ನನ್ನ ಮಡದಿ ಬಾಗಿಲಲ್ಲಿ ನಿಂತು, ಬೇರೆಯವರ ಮಾತು ಮುಗಿಯುವುದಕ್ಕೂ ಇವರು ಕಾಯುವುದಿಲ್ಲ ಎಂದು ಸೇರಿಸಿದಳು.

ಅವನ ಸರದಿ ಬಂದಾಗ ಪಟ್ಟಿಯನ್ನು ತೆಗೆಸಿ, ಬಲಮೂಲೆಯ ಅಂಕಿಯ ಮೇಲೆ ಒಂದು ಹಳೆಯ ಮದುವೆಯ ಕರೆಯೋಲೆಯನ್ನು ಆನಿಸಿ ನಿಲ್ಲಿಸಿದೆ. ವೃತ್ತಗಳ ಮೇಲೆಯೇ ಮಿಂಚಿ ಹೋಗುವ ನೂರು, ಐವತ್ತುಗಳನ್ನು ಮುಚ್ಚಲು ಉಪಾಯವಿರಲಿಲ್ಲ. ಅವನು ಎರಡು ಸಲ ಅಭ್ಯಾಸಬಲದಿಂದ ಮೂಲೆಯ ಕಡೆ ನೋಡಿದ; ಅಲ್ಲಿ ಗಣಪತಿಯ ಚಿತ್ರ ಕಂಡಿತು. ಆಮೇಲೆ ನೋಡಲಿಲ್ಲ. ಹಾಡು ಮುಗಿಯಿತು. ಫಲಿತಾಂಶದ ಪುಟ ಬರುವುದಕ್ಕೆ ಮುಂಚೆ, “ಹೇಗಾಯಿತು, ನೀನೇ ಹೇಳು” ಎಂದೆ.

ಅವನು ಒಂದು ಕ್ಷಣ ಯೋಚಿಸಿ, ಬಲಗೈಯಿಂದ ಮೇಜಿನ ಅಂಚಿನ ಮೇಲೆ ಹಾಡಿನ ನಡುವಿನ ಭಾಗವನ್ನು ನುಡಿಸಿ ನೋಡಿಕೊಂಡ.

“ಇಲ್ಲಿ ಓಡಿಬಿಟ್ಟೆ ಮಾವ” ಎಂದ. “ಇನ್ನೊಂದು ಸಲ ಹಾಕಲಾ?”